ಚೌಕಟ್ಟು ನಿಲ್ಲದ ಮನೆ

ನರಗುಂದ
12 ಫೆಬ್ರುವರಿ 2024

ಚಿರಂಜೀವಿ ಸೌಭಾಗ್ಯವತಿ ಅನ್ನಪೂರ್ಣಾ,

ಸೌಭಾಗ್ಯವತಿ ಎಂದು ಬರೆಯಲು ನನಗೆ ಐದು ವರ್ಷ ಹಿಡಿಯಿತು. ನನ್ನ ಮಾತು ಮೀರಿ ಅಮರೇಶನನ್ನು ಮದುವೆಯಾಗಿ ಬೆಳಗಾವಿಗೆ ಹೋದವಳಿಗೆ ನಾನೇ ಮೊದಲು ಬರೆಯಬಾರದು ಎಂದು ಹಟ ಹಿಡಿದಿದ್ದೆ. ಹೇಗಿದ್ದೀಯವ್ವಾ? ಚಳಿ ಬಿದ್ದರೆ ಹಿಡಿಯುತ್ತಿದ್ದ ಆ ಕೆಮ್ಮು ಈಗಲೂ ಬರುತ್ತದೆಯೇ? ನಿನ್ನ ಅವ್ವ ಕಳಕವ್ವ ಚಲೋ ಇದ್ದಾಳೆ. ಮೊಣಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ, ನನ್ನ ಹಾಗೆ. ಅವಳು ನಿನಗೆ ಫೋನ್ ಮಾಡುವುದು ನನಗೆ ಗೊತ್ತು. ಹಿತ್ತಲಲ್ಲಿ ನಿಂತು ಮಾತಾಡುತ್ತಾಳೆ; ನಾನು ಪೇಪರ್ ಓದುವವನಂತೆ ಕೂತು ಕೇಳುತ್ತೇನೆ.

ಹಳೆಯ ಮಾಳಿಗೆ ಮನೆ ಬಿಚ್ಚಿ ಹೊಸದು ಕಟ್ಟುತ್ತಿರುವುದನ್ನು ಅವಳು ಹೇಳಿರಬೇಕು. ಗೋಡೆ ಎದೆಮಟ್ಟಕ್ಕೆ ಬಂದು ನಿಂತಿವೆ. ಮುಂಬಾಗಿಲ ಚೌಕಟ್ಟು ನಿಲ್ಲಿಸದೆ ಮೇಲಕ್ಕೆ ಏರಿಸುವಂತಿಲ್ಲ. ಚೌಕಟ್ಟಿಗೆ ಮೊದಲ ಕುಂಕುಮ ಹಚ್ಚುವವಳು ಮನೆಮಗಳು, ಅವಳ ಉಡಿ ತುಂಬಿದ ಮೇಲೆಯೇ ಮುಂದಿನ ಕೆಲಸ. ಹೀಗೇ ಮೂರು ತಿಂಗಳಾಯಿತು. ಕೇಳಿದವರಿಗೆಲ್ಲ, ಮುಂಭಾಗದ ಡಿಸೈನ್ ಇನ್ನೂ ಮನಸ್ಸಿಗೆ ಬಂದಿಲ್ಲ ಎಂದು ಹೇಳುತ್ತ ಬಂದೆ. ಹಾಗೆ ಹೇಳಿದ ಮೇಲೆ ನಾಲ್ಕು ಮನೆ ನೋಡಲಾದರೂ ಹೋಗಬೇಕಲ್ಲ? ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ಒಂದು ಮನೆಗೆ ರಸ್ತೆಯ ಕಡೆ ಪೂರ್ತಿ ಗಾಜು. ಬಿಸಿಲು ತಡೆಯಲಾರದೆ ಒಳಗಿನವರು ಅದಕ್ಕೆ ಹಳೇ ಸೀರೆ ಕಟ್ಟಿದ್ದಾರೆ. ಇನ್ನೊಂದಕ್ಕೆ ನೇರಳೆ ಬಣ್ಣ, ಸ್ಟೀಲಿನ ರೇಲಿಂಗ್, ಕೂಡಲು ಒಂದು ಕಟ್ಟೆ ಇಲ್ಲ. ದಾರಿಯಲ್ಲಿ ಹೋಗುವವನಿಗೆ ನೀರಡಿಸಿದರೆ ಗೇಟಿನ ಕ್ಯಾಮೆರಾವನ್ನು ಕೇಳಬೇಕು. ರೋಣದ ದಾರಿಯಲ್ಲಿ ಹೊಸ ಪಾರ್ಕಿನಲ್ಲಿ ಫೈಬರಿನ ಜೋಡೆತ್ತು ನಿಲ್ಲಿಸಿದ್ದಾರೆ. ಎತ್ತು ಚಂದ ಇವೆ, ಸುಳ್ಳು ಹೇಳಬಾರದು. ಆದರೆ ನೊಗ ಹೆಗಲ ಮೇಲಿಲ್ಲ, ಕೊಂಬಿಗೆ ಸಿಕ್ಕಿಸಿದ್ದಾರೆ. ಬಣ್ಣ ಬಳಿಯುತ್ತಿದ್ದವನಿಗೆ ಹೇಳಿದರೆ, “ಯಜಮಾನ್ರ, ಇವೇನ್ ಹೊಲಕ್ಕ ಹೋಗಂಗಿಲ್ಲಲ್ರಿ, ಫೋಟೋಕ್ಕ ಹಿಂಗ ಚಲೋ ಕಾಣ್ತಾವ” ಅಂದ. ನೀನಿದ್ದಿದ್ದರೆ ನರಗುಂದ ಮುಟ್ಟುವ ತನಕ ಇಬ್ಬರೂ ನಗುತ್ತಿದ್ದೆವು. ಬಸ್ಸಿನಲ್ಲಿ ಒಬ್ಬನೇ ಕೂತು ನಗಲು ಆಗಲಿಲ್ಲ.

ಹೋದ ಸೋಮವಾರ ಮೇಸ್ತ್ರಿ ಅಲ್ಲಾವುದ್ದೀನ ಇನ್ನು ಕಾಯಲಾರೆ ಎಂದ. ನನ್ನ ತಮ್ಮನ ಮಗಳು ಭಾರತಿಯೂ ಮನೆಮಗಳೇ ಅಲ್ಲವೇ, ಅವಳೇ ಪೂಜೆ ಮಾಡಲಿ ಎಂದರು ಎಲ್ಲರೂ. ನಾನೂ ಹೂಂ ಅಂದೆ. ಬಡಿಗೇರ ಅರ್ಜುನಪ್ಪ ಸಾಗವಾನಿ ಚೌಕಟ್ಟು ತಂದು ನಿಲ್ಲಿಸಿದ. ಭಾರತಿ ತಟ್ಟೆ ಹಿಡಿದು ಮುಂದೆ ಬಂದಳು. ಪಾಪ, ಹುಡುಗಿಯದು ಏನೂ ತಪ್ಪಿಲ್ಲ. ಆದರೆ ಕುಂಕುಮ ಹಚ್ಚಲು ಅವಳು ಕೈ ಎತ್ತಿದಾಗ ನನ್ನಿಂದ ನೋಡಲಾಗಲಿಲ್ಲ. “ತಡೀರಿ, ಅಗಲ ಎರಡು ಬೆರಳು ಕಡಿಮಿ ಐತಿ, ಇಳಸ್ರಿ” ಅಂದುಬಿಟ್ಟೆ. ನಲವತ್ತು ವರ್ಷದಿಂದ ಬಾಗಿಲು ಮಾಡುತ್ತಿರುವ ಅರ್ಜುನಪ್ಪ ಟೇಪು ಹಿಡಿದು ನೋಡಿದ, ನನ್ನ ಮುಖ ನೋಡಿದ, ಚೌಕಟ್ಟು ಹೊರಿಸಿಕೊಂಡು ಹೋದ. ಭಾರತಿ ಅತ್ತಳು. ಎಲ್ಲರೂ ಹೋದ ಮೇಲೆ ನಿನ್ನ ಅವ್ವ, “ಚೌಕಟ್ಟು ಬರೋಬ್ಬರಿ ಐತ್ರಿ. ಕಡಿಮಿ ಇರಾಕಿ ನಿಮ್ಮ ಮಗಳು. ಅಕಿನ್ನ ಕರೀರಿ” ಅಂದಳು. ಮರುದಿನ ಭಾರತಿಯ ಮನೆಗೆ ಹೋಗಿ ತಪ್ಪಾಯಿತವ್ವಾ ಎಂದು ಹೇಳಿ ಬಂದೆ. ನಿನಗೆ ಅದನ್ನೇ ಹೇಳುವುದು ಹೆಚ್ಚು ಕಷ್ಟವಾಗುತ್ತಿದೆ.

ತಪ್ಪು ನನ್ನದು. ನೀನು ಅಮರೇಶನ ಹೆಸರು ಹೇಳಿದ ದಿನ, ಅವನನ್ನು ಈ ಮನೆಗೆ ಎಂದೂ ಕರೆತರಬೇಡ ಅಂದೆ. ಅವನು ಬರದ ಕಡೆ ನೀನೂ ಬರಲಿಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ. 26ನೇ ತಾರೀಕು ಸೋಮವಾರ ಮತ್ತೆ ಮುಹೂರ್ತ ಇಟ್ಟಿದ್ದೇನೆ. ನೀನು ಬರದಿದ್ದರೆ ಅದನ್ನೂ ಮುಂದೂಡುತ್ತೇನೆ. ಬೇಸಿಗೆ ಬರಲಿ, ಮಳೆಗಾಲ ಬರಲಿ, ಕಾಯುತ್ತೇನೆ.

ಇಬ್ಬರೂ ತಣ್ಣಗೆ ಬಾಳಿರವ್ವಾ. ಅವ್ವನ ಆಶೀರ್ವಾದವೂ ಇದರೊಳಗೇ ಇದೆ.

ನಿನ್ನ ಅಪ್ಪ,
ಅಂದಾನಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅಮರೇಶ ಭಾಳ ಎತ್ತರ ಎಂದು ನಿನ್ನ ಅವ್ವ ಈಗ ಹೇಳಿದಳು. ನಾನು ಅವರನ್ನು ಒಮ್ಮೆಯೂ ಸರಿಯಾಗಿ ನೋಡಿದವನಲ್ಲ. ಅರ್ಜುನಪ್ಪನಿಗೆ ಇನ್ನೂ ಅರ್ಧ ಅಡಿ ಹೆಚ್ಚು ಎತ್ತರದ ಬೇರೆ ಚೌಕಟ್ಟು ಮಾಡಲು ಹೇಳಿ ಕಳಿಸಿದ್ದೇನೆ. ಮೊದಲಿನದು ಹಿತ್ತಲಿಗೆ ಆದೀತು. ಅಳಿಯಂದಿರು ನಮ್ಮ ಮನೆಯೊಳಗೆ ಬಗ್ಗಿ ಬರುವುದು ಬೇಡ. ಅವರನ್ನು ಕರೆದುಕೊಂಡೇ ಬಾ.