ನೇರಳೆಯಿಂದ ಕೆನೆಬಣ್ಣಕ್ಕೆ

ಮಾರ್ಚ್ 4, ಬಿಷ್ಕೆಕ್

ಮತ್ತೆ ಅದೇ ಪುಟ. ಕ್ಲಿನಿಕ್ ಆ್ಯಪಿನದು — ರೋಗಿಯ ಹೆಸರು, ಡಾಕ್ಟರ ಹೆಸರು, ಕೆಳಗೆ ಹೋಗಬೇಕಾದ ಹೊತ್ತು. ಬೋಳು ಹಿನ್ನೆಲೆ ತೆಗೆದು ಗ್ರೇಡಿಯಂಟ್ ಹಾಕಿದೆ. ಮೇಲೆ ಕಡು ನೇರಳೆ, ನಡುವೆ ಗುಲಾಬಿ, ಕೆಳಕ್ಕೆ ಬರಬರುತ್ತಾ ಹಾಲಿನ ಕೆನೆ. ಅಲಾ-ತೋ ಬೆಟ್ಟದ ಮೇಲೆ ಬೆಳಕು ಹರಿದಂತೆ. ಅಕ್ಷರವೆಲ್ಲ ಬಿಳಿ.

ಕೋಡ್ ಬರೆಯುವ ಎರ್ಮೆಕ್ ಫೋನನ್ನು ಕಿಟಕಿಯ ಬಿಸಿಲಿಗೆ ಹಿಡಿದ. "ಟೈಮೇ ಕಾಣ್ತಿಲ್ವಲ್ಲೇ ಮಾರಾಯ್ತಿ. ಕೆಳಗಿನ ಅಕ್ಷರ ಕಪ್ಪು ಮಾಡು."

"ನೀನು ಕೋಡ್ ನೋಡ್ಕೋ. ಬಣ್ಣ ನಂಗೆ ಬಿಡು."

ಆಫೀಸಿನವರೆಲ್ಲ ನಕ್ಕರು. ಅವನು ಫೋನ್ ಕೆಳಗಿಟ್ಟು ತನ್ನ ಕೋಡಿಗೆ ತಿರುಗಿದ.

ಮಾರ್ಚ್ 12

ಆ್ಯಪ್ ಹೊರಬಿತ್ತು. ಮೀಟಿಂಗಿನಲ್ಲಿ ನಮ್ಮ ಬಾಸ್ ಸಲ್ತನತ್ ಮೇಡಂ, "ಚೊಲ್ಪೊನ್‌ಗೆ ಕಣ್ಣಿದೆ ಕಣ್ರೋ!" ಎಂದರು. ಇಡೀ ದಿನ ತೇಲಾಡಿದೆ.

ಅಮ್ಮನ ಫೋನಿಗೂ ಹಾಕಿಕೊಟ್ಟೆ. ಮದುವೆ ಬಟ್ಟೆ ಹೊಲಿಯುವವಳು, ಬಣ್ಣ ಕಂಡರೆ ಜೀವ. ಓಣಿಗೆಲ್ಲ ತೋರಿಸಿಕೊಂಡು ಬಂದಳು — "ನನ್ ಮಗಳ ಕೈಕೆಲಸ."

ಮಾರ್ಚ್ 19

ಅಮ್ಮ ಡಾಕ್ಟರನ್ನು ಕಾಣದೆ ವಾಪಸ್ಸು ಬಂದಳು. 10:30 ಇದ್ದದ್ದು ಅವಳಿಗೆ 16:30 ಎಂದು ಕಂಡಿತಂತೆ. ಕೌಂಟರಿನ ಹುಡುಗಿ, "ಓದೋಕೆ ಬರದಿದ್ರೆ ಮಕ್ಕಳನ್ನ ಕರ್ಕೊಂಡ್ ಬನ್ನಿ ಅಜ್ಜಿ" ಎಂದಳಂತೆ. ಎಲ್ಲರೆದುರಿಗೆ.

"ಇದನ್ನ ಮಾಡಿದ್ದೇ ನನ್ ಮಗಳು ಅನ್ನೋಕೆ ಬಾಯಿ ತೆಗ್ದೆ ಕಣೇ. ನಿನ್ ಮರ್ಯಾದೆ ಯಾಕೆ ಹೋಗ್ಬೇಕು ಅಂತ ನುಂಗ್ಕೊಂಡೆ. ಕಣ್ಣು ಹೋಯ್ತು ನಂದು."

ತಪ್ಪು ಕಣ್ಣಿನದಲ್ಲ, ನನ್ನ ಬಣ್ಣದ್ದು ಎಂದು ಆಗಲೇ ಹೇಳಬೇಕಿತ್ತು. "ವಯಸ್ಸಾಯ್ತಲ್ಲಮ್ಮ" ಎಂದೆ.

ಹೌದು, ಹಾಗೇ ಎಂದೆ.

ಮಾರ್ಚ್ 21

ನೊರೂಜ್ ಹಬ್ಬ. ಪಕ್ಕದ ಮನೆಯ ಬುರುಲ್ಚಾ ತನ್ನ ಮಗಳ ಮದುವೆ ಅಂಗಿಗೆ ಮಖಮಲ್ಲು ತಂದಿದ್ದಳು. ಅಮ್ಮ ಮಡಿಸಿ ಅವಳ ಕೈಗೇ ಕೊಟ್ಟಳು.

"ಬೇರೆ ಯಾರಿಗಾದ್ರೂ ಕೊಡು ತಾಯಿ. ಕಣ್ಣು ಮೋಸ ಮಾಡ್ತಿದೆ. ಮದುವೆ ಬಟ್ಟೆ... ಕೆಡಿಸಿಬಿಟ್ರೆ?"

ನಾನು ಪಕ್ಕದಲ್ಲೇ ಇದ್ದೆ. ರೊಟ್ಟಿ ಹರಿದು ಹರಿದು ಮೇಜಿನ ಮೇಲೆ ಇಡುತ್ತಿದ್ದೆ. ಇಡುತ್ತಲೇ ಇದ್ದೆ.

ಮಾರ್ಚ್ 25

ಎರ್ಮೆಕ್ ಬಳಿ ಹೋಗಿ, "ನೀನು ಹೇಳಿದ್ದೇ ಸರಿ" ಎಂದೆ. ಹಂಗಿಸುತ್ತಾನೆ ಅಂದುಕೊಂಡಿದ್ದೆ. ಹಂಗಿಸಿದ್ದರೆ ಚೆನ್ನಾಗಿತ್ತು.

"ದೂರು ಬರ್ತಾನೇ ಇದ್ವು. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಇಬ್ಬರೂ ಕೂತು ಕೆಳಗಿನ ಅಕ್ಷರಗಳಿಗೆ ಕಡುನೀಲಿ ಕೊಟ್ಟೆವು. ಗ್ರೇಡಿಯಂಟ್ ಹಾಗೇ ಉಳಿಯಿತು. ಚಂದವೇನೂ ಕೆಡಲಿಲ್ಲ. ಇಷ್ಟೇ ಕೆಲಸ. ಚಹಾ ಆರುವಷ್ಟರಲ್ಲಿ ಮುಗಿಯಿತು.

ಏಪ್ರಿಲ್ 3

ಅಮ್ಮ ಕನ್ನಡಕ ಮಾಡಿಸಿಕೊಂಡು ಬಂದಳು. ಬಾಗಿಲಲ್ಲೇ ಫೋನ್ ತೆಗೆದಳು. ಹೊಸ ಆವೃತ್ತಿ ಆಗಲೇ ಬಂದು ಕೂತಿದೆ.

"ನೋಡೇ! ಟೈಮ್ ಹೆಂಗೆ ಹೊಳೀತಿದೆ! ಸುಮ್ನೆ ನಿನ್ ಆ್ಯಪನ್ನ ಬೈಕೊಂಡಿದ್ದೆ ಮನಸ್ಸಲ್ಲೇ. ತಪ್ಪಾಯ್ತು ಕಣಮ್ಮ."

ನನ್ನ ಹತ್ತಿರ ತಪ್ಪು ಕೇಳಿದಳು. ಅಮ್ಮ!

"ಪರವಾಗಿಲ್ಲ ಬಿಡು" ಎಂದೆ. ಈ ನಾಲಿಗೆ ಯಾರದು?

ಏಪ್ರಿಲ್ 5

ಬುರುಲ್ಚಾಳ ಮಖಮಲ್ಲು ಬೇರೆ ದರ್ಜಿಯ ಮನೆ ಸೇರಿದೆ. ಅವಳು ಅದನ್ನು ಹೊತ್ತು ಹೋಗಿದ್ದನ್ನು ಅಮ್ಮ ಕಿಟಕಿಯಿಂದ ನೋಡಿ ಪರದೆ ಎಳೆದಳು.

ಇವತ್ತು ಹೇಳುತ್ತೇನೆ. ಹಳೆಯ ಪುಟದ ಚಿತ್ರ ನನ್ನ ಫೋನಿನಲ್ಲಿದೆ. ಅದನ್ನು ಅವಳ ಕೈಗೆ ಕೊಡುವುದು. ಕನ್ನಡಕ ಹಾಕಿಕೊಂಡೇ ಓದಮ್ಮ, ಎನ್ನುವುದು. ಆಗಲೂ ಕಾಣುವುದಿಲ್ಲ. ಆಮೇಲೆ ಹೆಚ್ಚು ಹೇಳಬೇಕಾಗಿಲ್ಲ... ಬೇಕಾಗುತ್ತದೆ. ಗೊತ್ತಿದ್ದೂ ಸುಮ್ಮನಿದ್ದೆ ಎನ್ನುವುದನ್ನು ಚಿತ್ರ ಹೇಳುವುದಿಲ್ಲ.

ಅಡುಗೆಮನೆಯಿಂದ ಬಂದಳು. ಎದುರಿಗೇ ಕೂತಳು.

"ಯಾಕೆ ಮುಖ ಹಂಗ್ ಮಾಡ್ಕೊಂಡಿದ್ದೀಯ? ಈಗ ಕನ್ನಡಕ ಇದೆ ಕಣೇ, ನಂಗೆಲ್ಲಾ ಕಾಣತ್ತೆ."

ಹಳೆಯ ಪುಟದ ಚಿತ್ರ ತೆರೆದು ಫೋನ್ ಅವಳ ಮುಂದಿಟ್ಟೆ. ಎತ್ತಿಕೊಂಡಳು. ಕಣ್ಣು ಕಿರಿದು ಮಾಡಿ, ಹತ್ತಿರ ಹಿಡಿದು, "ಇದ್ರಲ್ಲಿ ಟೈಮೇ ಕಾಣ್ತಿಲ್ವಲ್ಲೇ" ಎಂದಳು. ಗೊತ್ತಿದ್ದೂ ಸುಮ್ಮನಿದ್ದದ್ದನ್ನು ಹೇಳತೊಡಗಿದೆ.