ಮೈದುನ ಬಿದ್ದ ಜಾಗ

ಅಕ್ಕಾ,

ಏಳು ತಿಂಗಳ ಬಸುರಿ ಬೆಟ್ಟ ಹತ್ತುವುದುಂಟೇ ಎಂದು ನೀನು ಬೈದದ್ದು ಸರಿಯೇ. ಆದರೂ ಹತ್ತಿದ್ದಾಯಿತು. ಹುಲ್ಲುಕಡ್ಡಿಯೂ ಬೆಳೆಯದ ಎತ್ತರದಲ್ಲಿ, ತಗಡಿನ ಕೋಣೆಯೊಂದರಲ್ಲಿದ್ದೇವೆ.

ಹೋದ ವರ್ಷ ಮೈದುನ ಜಾರಿಬಿದ್ದು ಸತ್ತ ಅಂಚಿಗೆ ಅತ್ತೆ ನಿನ್ನೆ ನನ್ನನ್ನು ಕರೆದೊಯ್ದರು. ಅವನೇ ನನ್ನ ಹೊಟ್ಟೆಯಲ್ಲಿ ಹುಟ್ಟಿಬರುತ್ತಿದ್ದಾನೆಂದು ಅವರ ನಂಬಿಕೆ. ಅವನ ಹಳೇ ಕೋಟು ತೊಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, "ಪುಟ್ಟಾ, ನೀನು ಬಿದ್ದಿದ್ದು ಇಲ್ಲೇ ಕಣೋ. ನೋಡ್ಕೊಂಡ್ಯಾ? ಇನ್ನು ಮನೆಗೆ ಹೋಗೋಣ ಬಾ" ಎಂದರು. ಬಂಡೆಗೆ ಕಟ್ಟಿದ್ದ ಅವನ ಹಳದಿ ಹಗ್ಗದ ತುಂಡು ಇನ್ನೂ ಗಾಳಿಗೆ ಆಡುತ್ತಿತ್ತು.

ನನ್ನ ಕಾಲುಗಳು ಊದಿವೆ. ಸಾಮಾನು ತಂದ ಕುದುರೆಯವನು ಈಗ ಇಳಿಯುತ್ತಿದ್ದಾನೆ. ನಾನೂ ಹೋಗುತ್ತೇನೆಂದೆ. ಅತ್ತೆ, "ಇನ್ನೆರಡು ದಿನ ಇರೋಣ" ಎಂದರು. ಇವರು ಕೋಲೆಬಸವನ ಹಾಗೆ ತಲೆಯಾಡಿಸಿದರು. ಹಾಗಾಗಿ ಅವನ ಕೈಯಲ್ಲಿ ಈ ಕಾರ್ಡು ಮಾತ್ರ ಇಳಿಯುತ್ತಿದೆ. ಅಮ್ಮನಿಗೆ ತೋರಿಸಬೇಡ. ಸಿಕ್ಕಿದ ಕೂಡಲೇ ಬೆಟ್ಟದ ಬುಡದ ಆಸ್ಪತ್ರೆಗೆ ನೀನೇ ಬಾ.

ಆ ಅಂಚಿನಿಂದ ಬಂದಮೇಲೆ ಮಗು ಮಿಸುಕಾಡಿಲ್ಲ. ಅತ್ತೆಗೆ ಹೇಳಿದೆ. "ಸುಸ್ತಾಗಿ ಬಂದಿದಾನೆ, ಮಲಗಿರ್ಲಿ. ಎಬ್ಬಿಸ್ಬೇಡ" ಎಂದು ನನ್ನ ಹೊಟ್ಟೆಗೆ ಕಂಬಳಿ ಹೊದಿಸಿದರು.

ನಿನ್ನ ತಂಗಿ