ಸರೋವರದ ದಡದಲ್ಲಿ ನಿನ್ನ ಭಾವ ತಲೆಯಾಡಿಸಿದ್ದು

ಪ್ರೀತಿಯ ತಂಗೀ,

ಬೆಟ್ಟದ ತುದಿಯ ಸರೋವರ ನೋಡಿದೆವು. ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ಸೀಸೆಗಟ್ಟಲೆ ಸುರಿದ ಹಾಗಿದೆ. ಅದಕ್ಕಿಂತ ದೊಡ್ಡ ವಿಚಿತ್ರ ನಿನ್ನ ಭಾವ. ಇಲ್ಲಿ ಗಾಳಿ ತೆಳು, ಎರಡು ಮಾತಾಡಿದರೆ ಏದುಸಿರು. ಬಸ್ಸಿನಲ್ಲಿ ಎಲ್ಲರ ತಲೆ ತಿಂದ ಮನುಷ್ಯ ದಡದ ಬಂಡೆಯ ಮೇಲೆ ತೆಪ್ಪಗೆ ಕೂತರು. ಗೈಡು ಬೇರೆ, "ಸಾರ್, ನೀವು ಮಾತಾಡ್ಲೇಬೇಡಿ. ಏನು ಕೇಳಿದ್ರೂ ತಲೆ ಆಡ್ಸಿ, ಸಾಕು" ಎಂದ.

ನಾನು ಬಿಡುತ್ತೇನೆಯೇ? "ರೀ, ಮುಂದಿನ ಕೋಣೇಲಿರೋ ಕೆಟ್ಟ ರೇಡಿಯೋಗಳನ್ನೆಲ್ಲ ಗುಜರಿಗೆ ಹಾಕಿ, ಅಲ್ಲಿ ನನ್ನ ಹೊಲಿಗೆ ಮೆಷಿನ್ ಇಡ್ಲಾ?" ಎಂದು ಕೇಳಿಯೇಬಿಟ್ಟೆ. ಹತ್ತೊಂಬತ್ತು ವರ್ಷದಿಂದ ಈ ಪ್ರಶ್ನೆಗೆ ಗಂಟೆಗಟ್ಟಲೆ ಭಾಷಣವೇ ಉತ್ತರ. ಈ ಸಲವೂ ಬೆರಳೆತ್ತಿ, "ನೋಡೇ, ಆ ರೇಡಿ..." ಎಂದರು. ಅಲ್ಲಿಗೆ ಉಸಿರು ಖಾಲಿ. "ತಲೆ, ಸಾರ್, ತಲೆ!" ಎಂದು ಗೈಡು ಗದರಿದ. ಆಡಿಸಿದರು. ಅಡ್ಡಡ್ಡ ಅಲ್ಲ ಕಣೇ, ಮೇಲಿಂದ ಕೆಳಕ್ಕೆ, ಎರಡು ಸಲ!

ನನಗೆ ಮೊದಲ ದಿನ ತಲೆನೋವಿತ್ತು, ಈಗಿಲ್ಲ. ಅವರೂ ಚೆನ್ನಾಗಿದ್ದಾರೆ, ಊಟ ಸೇರುತ್ತಿದೆ.

ಬೇಕೆಂದೇ ಕವರು ಬಿಟ್ಟು ಕಾರ್ಡಿಗೆ ಬರೆದಿದ್ದೇನೆ. ನಮ್ಮ ಪೋಸ್ಟ್‌ಮ್ಯಾನ್ ಇದನ್ನು ಓದಿ, ಬೀದಿಗೆಲ್ಲ ಸಾರಿ, ಆಮೇಲೆ ನಿನಗೆ ಕೊಡುತ್ತಾನೆ. ಇನ್ನು ನಿನ್ನ ಭಾವ ಇಲ್ಲವೆನ್ನುವ ಹಾಗಿಲ್ಲ. ಮನೆ ಬೀಗದಕೈ ನಿನ್ನ ಹತ್ತಿರವೇ ಇದೆ, ಗುಜರಿಯವನನ್ನು ಬೇಗ ಕರೆಸು. ನಾವು ಕೆಳಗಿಳಿದರೆ ಅವರ ಉಸಿರು ವಾಪಸ್ ಬರುತ್ತದೆ.

ಇಗೋ, ಪೆನ್ನು ಕೊಡು, ತಾನೂ ಒಂದು ಸಾಲು ಬರೆಯುತ್ತೇನೆ ಎಂದು ಸನ್ನೆ ಮಾಡುತ್ತಿದ್ದಾರೆ. ಕಾರ್ಡಿನಲ್ಲಿ ಜಾಗವಿಲ್ಲ ಎಂದೆ.

ನಿನ್ನ ಅಕ್ಕ